ಎಲಿಯಾಸ್ ಹೋವ್ ಮತ್ತು ತುದಿಯಲ್ಲಿ ಕಣ್ಣಿರುವ ಸೂಜಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಮೆರಿಕದಲ್ಲಿರುವ ನಮ್ಮ ಅತ್ತೆ ನನಗೊಂದು ವಿಡಿಯೋ ಕಳಿಸಿದರು. ಅಜ್ಜಿಯ ಹಳೇ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಮಾಡೋಕೆ ಹೊರಟಿದ್ದರು. ಕೌದಿ ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮ ಧಾರವಾಡದ ಕಡೆ ಹಳೇ ಸೀರೆ, ಧೋತರಗಳನ್ನ ಪದರ ಪದರವಾಗಿ ಹಾಸಿ, ಕೈಯಲ್ಲೇ ಸಾಲು ಸಾಲು ಹೊಲಿಗೆ ಹಾಕಿ ಮಾಡೋ ಹೊದಿಕೆ ಅದು. ಅಜ್ಜಿ ಒಂದು ಕೌದಿಗೆ ವಾರಗಟ್ಟಲೆ ಕೂತಿರೋರು. ಅತ್ತೆ ಮಾತ್ರ ಅಲ್ಲಿ ಬಾಡಿಗೆಗೆ ಸಿಗುವ ಲಾಂಗ್‌ಆರ್ಮ್ ಮಷಿನ್‌ನಲ್ಲಿ ಒಂದೇ ದಿನಕ್ಕೆ ಮುಗಿಸೋ ಲೆಕ್ಕ ಹಾಕಿದ್ದರು. ಮೇಲಿಂದ ನೋಡಿದರೆ ಹೊಲಿಗೆ ಚೆಂದವೇ ಇತ್ತು. ಬಟ್ಟೆ ತಿರುಗಿಸಿದರೆ ಅಡಿಯಲ್ಲಿ, ಅದರಲ್ಲೂ ಹೊಲಿಗೆ ಸುತ್ತು ತಿರುಗುವ ಕಡೆಯೆಲ್ಲ, ರೆಪ್ಪೆಯ ಕೂದಲಿನ ಹಾಗೆ ದಾರದ ಕುಣಿಕೆಗಳು ಎದ್ದು ನಿಂತಿದ್ದವು. ಆಗಾಗ ಮೇಲಿನ ದಾರ ಪಟ್ ಅಂತ ಕಡಿದು ಹೋಗ್ತಿತ್ತು. ನಡುನಡುವೆ ಒಂದೊಂದು ಹೊಲಿಗೆ ಬೀಳ್ತಾನೇ ಇರಲಿಲ್ಲ. ನಾನು ಮೆಕ್ಯಾನಿಕಲ್ ಓದ್ತಿದೀನಿ ಅನ್ನೋದೊಂದೇ ಅವರಿಗೆ ಸಾಕಾಗಿತ್ತು, ಪರಿಹಾರ ನನ್ನ ಕೈಯಲ್ಲಿದೆ ಅಂತ ನಂಬಿಬಿಟ್ಟರು. ನಾನು ಅಲ್ಲಿಯವರೆಗೆ ಹೊಲಿಗೆ ಮಷಿನ್ನಿಗೆ ದಾರ ಕೂಡ ಪೋಣಿಸಿದವನಲ್ಲ.

ಮಾನ ಉಳಿಸಿಕೊಳ್ಳೋಕೆ ಹುಡುಕುತ್ತಾ ಹೋದಾಗ ಸಿಕ್ಕವನು ಎಲಿಯಾಸ್ ಹೋವ್. ಹೈಸ್ಕೂಲಿನ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಹೊಲಿಗೆ ಯಂತ್ರ ಕಂಡುಹಿಡಿದವರು ಯಾರು ಅನ್ನೋ ಪ್ರಶ್ನೆಗೆ ಒಂದು ಮಾರ್ಕಿನ ಉತ್ತರವಾಗಿದ್ದ ಮನುಷ್ಯ. ಅವನ ಬದುಕು ಒಂದು ಮಾರ್ಕಿನದ್ದಲ್ಲ ಅಂತ ಈಗ ಗೊತ್ತಾಯ್ತು.

ಹೋವ್ ಹುಟ್ಟಿದ್ದು 1819ರ ಜುಲೈ 9ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ. ಅಪ್ಪ ರೈತ, ಜೊತೆಗೆ ಹಿಟ್ಟಿನ ಗಿರಣಿ ಇತ್ತು. ಮನೆ ತುಂಬ ಮಕ್ಕಳು. ಹೋವ್ ಚಿಕ್ಕಂದಿನಿಂದಲೇ ಸ್ವಲ್ಪ ಕುಂಟುತ್ತಿದ್ದ, ದೇಹವೂ ಗಟ್ಟಿ ಇರಲಿಲ್ಲ, ಹೊಲದ ಕೆಲಸ ಆಗ್ತಿರಲಿಲ್ಲ. 1835ರಲ್ಲಿ ಲೋವೆಲ್ ಪಟ್ಟಣಕ್ಕೆ ಹೋಗಿ ಹತ್ತಿ ಗಿರಣಿಗಳಿಗೆ ಯಂತ್ರ ಮಾಡಿಕೊಡುವ ಕಾರ್ಖಾನೆಯಲ್ಲಿ ಸೇರಿಕೊಂಡ. ಆಗ ಅವನಿಗೆ ಹದಿನಾರು. ನಾವು ಆ ವಯಸ್ಸಿನಲ್ಲಿ ಪಿಯುಸಿ ಟ್ಯೂಷನ್ನಿಗೆ ಅಲೆಯುತ್ತಿದ್ದೆವು. ಎರಡೇ ವರ್ಷಕ್ಕೆ, 1837ರಲ್ಲಿ, ದೇಶದ ಆರ್ಥಿಕತೆ ಕುಸಿದು ಕಾರ್ಖಾನೆ ಮುಚ್ಚಿತು. ಹುಡುಗ ಕೇಂಬ್ರಿಡ್ಜ್‌ಗೆ ಬಂದ (ಇಂಗ್ಲೆಂಡಿನದ್ದಲ್ಲ, ಬೋಸ್ಟನ್ ಪಕ್ಕದ್ದು), ಅಲ್ಲಿಂದ ಬೋಸ್ಟನ್‌ನಲ್ಲಿ ಆರಿ ಡೇವಿಸ್ ಎಂಬ ಕುಶಲಕರ್ಮಿಯ ವರ್ಕ್‌ಶಾಪ್ ಸೇರಿದ. ಡೇವಿಸ್ ಹಡಗಿನ ಗಡಿಯಾರ, ವೈಜ್ಞಾನಿಕ ಉಪಕರಣಗಳನ್ನ ಮಾಡುವವನು. ಒಂದು ದಿನ ಅಲ್ಲಿಗೆ ಬಂದವರ ಮಧ್ಯೆ ಹೊಲಿಯುವ ಯಂತ್ರದ ಮಾತು ಬಂತಂತೆ. ಅಂಥದ್ದನ್ನ ಮಾಡಿದವನು ದೊಡ್ಡ ಶ್ರೀಮಂತ ಆಗ್ತಾನೆ ಅಂತ ಯಾರೋ ಅಂದದ್ದು ಮೂಲೆಯಲ್ಲಿ ಕೆಲಸ ಮಾಡ್ತಿದ್ದ ಹೋವ್ ಕಿವಿಗೆ ಬಿತ್ತು.

1841ರಲ್ಲಿ ಎಲಿಜಬೆತ್ ಜೊತೆ ಮದುವೆಯಾಯಿತು. ಮೂರು ಮಕ್ಕಳಾದವು. ವಾರಕ್ಕೆ ಒಂಬತ್ತು ಡಾಲರ್ ಸಂಬಳ. ಸಾಕಾಗದೆ ಎಲಿಜಬೆತ್ ಮನೆಯಲ್ಲೇ ಬೇರೆಯವರ ಬಟ್ಟೆ ಹೊಲಿದು ಕೊಡ್ತಿದ್ದಳು. ಹೋವ್ ಕೆಲಸದಿಂದ ಸುಸ್ತಾಗಿ ಬಂದು ಹಾಸಿಗೆ ಮೇಲೆ ಬಿದ್ದುಕೊಂಡು, ಅವಳ ಕೈ ಹೋಗಿ ಬರೋದನ್ನೇ ನೋಡ್ತಿದ್ದ. ಸೂಜಿ ಬಟ್ಟೆಯೊಳಗೆ ಹೋಗುತ್ತೆ, ಕೈ ಅದನ್ನ ಬಿಡುತ್ತೆ, ಅಡಿಯಿಂದ ಮತ್ತೆ ಹಿಡಿಯುತ್ತೆ, ಪೂರ್ತಿ ದಾರ ಎಳೆಯುತ್ತೆ. ಇದನ್ನೇ ಕಬ್ಬಿಣದಲ್ಲಿ ಮಾಡೋಕೆ ಹೊರಟ. ಎರಡೂ ಕಡೆ ಚೂಪಾದ, ನಡುವೆ ಕಣ್ಣಿರುವ ಸೂಜಿ ಮಾಡಿ ಅದನ್ನ ಬಟ್ಟೆಯೊಳಗೆ ಹಿಂದೆ ಮುಂದೆ ಓಡಿಸಿ ನೋಡಿದ. ತಿಂಗಳುಗಟ್ಟಲೆ ಮಾಡಿದರೂ ಅದರಲ್ಲಿ ಒಂದು ನೆಟ್ಟಗಿನ ಹೊಲಿಗೆ ಬರಲಿಲ್ಲ.

ನನ್ನ ಪ್ರಕಾರ ಅವನ ಇಡೀ ಕಥೆಯಲ್ಲಿ ದೊಡ್ಡ ಘಳಿಗೆ ಮುಂದಿನದ್ದು. 1844ರಲ್ಲಿ ಅವನು ಕೈಯನ್ನ ನಕಲು ಮಾಡೋದನ್ನೇ ಬಿಟ್ಟುಬಿಟ್ಟ. ಯಂತ್ರಕ್ಕೆ ಕೈ ಹಾಕೋ ಹೊಲಿಗೆಯೇ ಯಾಕೆ ಬೇಕು, ಬೇರೆ ಥರದ ಹೊಲಿಗೆ ಇರಬಾರದಾ ಅಂತ ಯೋಚಿಸಿದ. ಒಂದರ ಬದಲು ಎರಡು ದಾರ. ಸೂಜಿಯ ಕಣ್ಣು ಹಿಂದುಗಡೆ ಅಲ್ಲ, ಚೂಪಾದ ತುದಿಯ ಹತ್ತಿರ. ಸೂಜಿ ಬಟ್ಟೆಯನ್ನ ಪೂರ್ತಿ ದಾಟಿ ಹೋಗೋ ಅಗತ್ಯವೇ ಇಲ್ಲ. ತುದಿ ಮಾತ್ರ ಆಚೆ ಹೋಗಿ, ದಾರವನ್ನ ಆ ಕಡೆ ಮುಟ್ಟಿಸಿ ವಾಪಸ್ ಬಂದರೆ ಆಯ್ತು. ವಾಪಸ್ ಬರೋಕೆ ಶುರು ಮಾಡಿದ ಕ್ಷಣ ದಾರ ಸ್ವಲ್ಪ ಸಡಿಲವಾಗಿ ಪುಟ್ಟ ಕುಣಿಕೆ ಆಗುತ್ತೆ. ಆ ಕುಣಿಕೆಯೊಳಗಿಂದ ಎರಡನೇ ದಾರ ಹೊತ್ತ ಲಾಳಿ ತೂರಿ ಹೋಗುತ್ತೆ. ಲಾಳಿ ಅವನಿಗೆ ಹೊಸದಲ್ಲ, ಹತ್ತಿ ಗಿರಣಿಗಳ ಊರಿನಲ್ಲಿ ಕೆಲಸ ಕಲಿತವನು, ಮಗ್ಗ ನೋಡಿಯೇ ನೋಡಿರ್ತಾನೆ. ಸೂಜಿ ಮೇಲೆ ಬಂದಾಗ ಎರಡೂ ದಾರ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಇದೇ ಲಾಕ್‌ಸ್ಟಿಚ್. ನಿಮ್ಮ ಮನೆಯ ಮಷಿನ್, ಬೀದಿ ಕೊನೆಯ ಟೈಲರ್ ಮಷಿನ್, ಅತ್ತೆ ಬಾಡಿಗೆಗೆ ತಗೊಂಡ ಲಾಂಗ್‌ಆರ್ಮ್, ಎಲ್ಲದರಲ್ಲೂ ಇವತ್ತಿಗೂ ಇದೇ ಹೊಲಿಗೆ. ಲಾಳಿಯ ಜಾಗದಲ್ಲಿ ಈಗ ತಿರುಗುವ ಕೊಕ್ಕೆ ಮತ್ತು ಬಾಬಿನ್ ಇವೆ, ಅಷ್ಟೇ.

ಈ ಸೂಜಿಯ ಬಗ್ಗೆ ಒಂದು ಕನಸಿನ ಕಥೆ ಇದೆ, ನೀವೂ ಕೇಳಿರಬಹುದು. ಹೋವ್ ಕನಸಲ್ಲಿ ಒಬ್ಬ ಕಾಡುರಾಜ ಬಂದು, ಇಪ್ಪತ್ನಾಲ್ಕು ಗಂಟೆಯಲ್ಲಿ ಹೊಲಿಗೆ ಯಂತ್ರ ಮಾಡದಿದ್ದರೆ ಸಾಯಿಸ್ತೀನಿ ಅಂದನಂತೆ. ಸೈನಿಕರು ಚುಚ್ಚೋಕೆ ಬಂದಾಗ ಅವರ ಈಟಿಗಳ ತುದಿಯಲ್ಲಿ ತೂತು ಕಂಡಿತಂತೆ. ಎದ್ದು ಓಡಿ ಹೋಗಿ ಸೂಜಿ ಮಾಡಿದನಂತೆ. ಇದು ಅವನ ಕುಟುಂಬದವರು ಹೇಳಿಕೊಂಡು ಬಂದ ಕಥೆ. ಸುಳ್ಳು ಅಂತ ಸಾಧಿಸೋಕೆ ನನ್ನ ಹತ್ತಿರ ಏನೂ ಇಲ್ಲ, ಆದರೆ ನನಗೆ ಇದರ ಮೇಲೆ ಸ್ವಲ್ಪ ಸಿಟ್ಟಿದೆ. ಎಲಿಜಬೆತ್ ಕೈ ನೋಡುತ್ತಾ ಕಳೆದ ಅಷ್ಟು ರಾತ್ರಿಗಳು, ಕೆಟ್ಟು ಹೋದ ಅಷ್ಟು ಮಾದರಿಗಳು, ಎಲ್ಲ ಒಂದು ಕನಸಿನ ಲೆಕ್ಕಕ್ಕೆ ಹೋಗಿಬಿಡುತ್ತವೆ.

ಐಡಿಯಾ ಬಂತು, ದುಡ್ಡಿಲ್ಲ. ಜಾರ್ಜ್ ಫಿಶರ್ ಎಂಬ ಹಳೇ ಗೆಳೆಯ, ಕಲ್ಲಿದ್ದಲು ಸೌದೆ ವ್ಯಾಪಾರಿ, ಹೋವ್ ಸಂಸಾರವನ್ನ ತನ್ನ ಮನೆಯಲ್ಲೇ ಇಟ್ಟುಕೊಂಡು ಐನೂರು ಡಾಲರ್ ಹಾಕಿದ. ಬದಲಿಗೆ ಪೇಟೆಂಟಿನಲ್ಲಿ ಅರ್ಧ ಪಾಲು. 1845ರ ಬೇಸಿಗೆಯ ಹೊತ್ತಿಗೆ ಯಂತ್ರ ಇಬ್ಬರಿಗೂ ಒಂದೊಂದು ಉಣ್ಣೆಯ ಸೂಟು ಹೊಲಿದಿತ್ತು. ಬೋಸ್ಟನ್‌ನ ಕ್ವಿನ್ಸಿ ಹಾಲ್ ಬಟ್ಟೆ ಕಾರ್ಖಾನೆಯಲ್ಲಿ ಹೋವ್ ಪಂದ್ಯಕ್ಕೇ ಕೂತ. ಚುರುಕಾದ ಐದು ಜನ ಹುಡುಗಿಯರಿಗೆ ಒಂದೊಂದು ಹೊಲಿಗೆ ಸಾಲು, ಹೋವ್‌ಗೆ ಒಬ್ಬನಿಗೇ ಐದು. ನಿಮಿಷಕ್ಕೆ 250 ಹೊಲಿಗೆ ಹಾಕುವ ಯಂತ್ರ, ಅವನೇ ಮೊದಲು ಮುಗಿಸಿದ. ನೋಡಿದವರೆಲ್ಲ ಹೊಗಳಿದರು. ಒಬ್ಬರೂ ಕೊಳ್ಳಲಿಲ್ಲ. ಬೆಲೆ 300 ಡಾಲರ್, ಅಂದರೆ ಅವನ ಹಳೇ ಸಂಬಳದ ಲೆಕ್ಕದಲ್ಲಿ ಎಂಟು ತಿಂಗಳ ದುಡ್ಡು. ದರ್ಜಿಗಳಿಗೆ ಹೊಟ್ಟೆಪಾಡಿನ ಭಯ ಬೇರೆ. ಆ ಭಯ ಬರೀ ಬಾಯಿಮಾತಲ್ಲ, 1831ರಲ್ಲಿ ಪ್ಯಾರಿಸ್ ದರ್ಜಿಗಳು ಥಿಮೋನಿಯೆ ಎಂಬವನ ಹೊಲಿಗೆ ಯಂತ್ರಗಳನ್ನ ಪುಡಿಪುಡಿ ಮಾಡಿದ್ದರು.

1846ರ ಸೆಪ್ಟೆಂಬರ್ 10ರಂದು ಪೇಟೆಂಟ್ ಬಂತು, ನಂಬರ್ 4750. ಆ ಯಂತ್ರ ಹೇಗಿತ್ತು ಅಂತ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಮುಂದಿನ ಜಗಳವೆಲ್ಲ ಅದರಿಂದಲೇ ಹುಟ್ಟಿದ್ದು. ಸೂಜಿ ನೇರ ಇರಲಿಲ್ಲ, ಬಾಗಿತ್ತು. ಅದನ್ನ ತೂಗಾಡುವ ಒಂದು ಸನ್ನೆಗೆ ಕಟ್ಟಿದ್ದ. ಸನ್ನೆ ಒಂದು ಬಿಂದುವಿನ ಸುತ್ತ ಚಾಪದಲ್ಲಿ ಓಡಾಡೋದರಿಂದ ಸೂಜಿಯೂ ಆ ಚಾಪಕ್ಕೆ ಹೊಂದಲೇಬೇಕು. ಬಟ್ಟೆ ಮಲಗಿರಲಿಲ್ಲ, ಮೊಳೆಗಳಿರುವ ಒಂದು ಪಟ್ಟಿಗೆ ಚುಚ್ಚಿಕೊಂಡು ನೇರ ನೇತಾಡುತ್ತಿತ್ತು. ಪಟ್ಟಿ ಹಲ್ಲುಚಕ್ರದ ಮೇಲೆ ಮುಂದೆ ಸರಿಯುತ್ತೆ. ಪಟ್ಟಿ ಮುಗೀತಾ, ಯಂತ್ರ ನಿಲ್ಲಿಸಿ, ಬಟ್ಟೆ ಬಿಚ್ಚಿ, ಮತ್ತೆ ಚುಚ್ಚಿ, ಮತ್ತೆ ಶುರು ಮಾಡಬೇಕು. ಹೊಲಿಗೆ ಅದ್ಭುತ, ಯಂತ್ರ ಕಿರಿಕಿರಿ. ಅಂಗಿಯ ತೋಳು, ಕಾಲರ್ ತಿರುಗಿಸೋದು ಇದರಲ್ಲಿ ದೂರದ ಮಾತು.

ಅಮೆರಿಕದಲ್ಲಿ ಯಾರೂ ಕೊಳ್ಳದಿದ್ದಾಗ ಸಹೋದರ ಅಮಾಸ ಯಂತ್ರವನ್ನ ಇಂಗ್ಲೆಂಡಿಗೆ ಒಯ್ದ. ಲಂಡನ್ನಿನಲ್ಲಿ ಕಾರ್ಸೆಟ್ ತಯಾರಿಸುತ್ತಿದ್ದ ವಿಲಿಯಂ ಥಾಮಸ್ 250 ಪೌಂಡಿಗೆ ಕೊಂಡ, ಇಂಗ್ಲೆಂಡಿನ ಪೇಟೆಂಟನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡ. ಹೋವ್ 1847ರಲ್ಲಿ ಅಲ್ಲಿಗೆ ಹೋಗಿ, ಕಾರ್ಸೆಟ್‌ಗೆ ತಕ್ಕ ಹಾಗೆ ಯಂತ್ರ ಬದಲಾಯಿಸಿಕೊಡೋಕೆ ವಾರಕ್ಕೆ ಮೂರು ಪೌಂಡಿನ ಕೆಲಸಕ್ಕೆ ನಿಂತ. ಹೆಂಡತಿ ಮಕ್ಕಳೂ ಬಂದರು. ಕೆಲಸ ಮುಗಿದ ಮೇಲೆ ಥಾಮಸ್ ಜೊತೆ ಮುರಿದುಬಿತ್ತು. ಬಾಡಿಗೆ ಕೋಣೆಯಿಂದ ಇನ್ನೂ ಅಗ್ಗದ ಕೋಣೆಗೆ ಹೋಗುತ್ತಾ ಹೋಗುತ್ತಾ, ಕೊನೆಗೆ ಎಲಿಜಬೆತ್ ಮತ್ತು ಮಕ್ಕಳನ್ನ ವಾಪಸ್ ಹಡಗು ಹತ್ತಿಸಿದ. ತಾನು ಊರಿಗೆ ಮರಳೋಕೆ ತನ್ನ ಮೊದಲ ಯಂತ್ರವನ್ನೂ ಪೇಟೆಂಟ್ ಕಾಗದಗಳನ್ನೂ ಗಿರವಿ ಇಟ್ಟ.

1849ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಜೇಬಿನಲ್ಲಿ ಚಿಲ್ಲರೆ ಮಾತ್ರ ಇತ್ತು. ಕೇಂಬ್ರಿಡ್ಜ್‌ನಲ್ಲಿ ಎಲಿಜಬೆತ್ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದಾಳೆ ಅನ್ನೋ ಸುದ್ದಿ ಬಂತು. ಹೋಗೋಕೆ ರೈಲಿನ ದುಡ್ಡಿಲ್ಲ. ಅಪ್ಪ ಹತ್ತು ಡಾಲರ್ ಕಳಿಸೋವರೆಗೆ ಕಾದು, ಕೊನೆಗಳಿಗೆಗೆ ತಲುಪಿದ. ಅಂತ್ಯಕ್ರಿಯೆಗೆ ಹಾಕಿಕೊಂಡು ನಿಲ್ಲೋಕೆ ಮರ್ಯಾದೆಯ ಬಟ್ಟೆ ಅವನ ಹತ್ತಿರ ಇರಲಿಲ್ಲ, ನೆಂಟರಿಂದ ಎರವಲು ತಂದ. ನಿಮಿಷಕ್ಕೆ 250 ಹೊಲಿಗೆ ಹಾಕುವ ಯಂತ್ರ ಮಾಡಿದವನು. ನಾನು ಇದನ್ನ ಓದಿದ್ದು ರಾತ್ರಿ ಹಾಸ್ಟೆಲ್‌ನಲ್ಲಿ. ಆ ಹೊತ್ತಿಗೆ ಅತ್ತೆಯ ಮಷಿನ್ ವಿಷಯ ಮರೆತೇ ಹೋಗಿತ್ತು.

ಮರೆತದ್ದಕ್ಕೆ ಇಲ್ಲಿ ಸ್ವಲ್ಪ ನಿಂತು ಅದನ್ನ ಮುಗಿಸಿಬಿಡ್ತೀನಿ. ಲಾಂಗ್‌ಆರ್ಮ್‌ನಲ್ಲಿ ಕೌದಿ ರೋಲರ್‌ಗಳ ಮೇಲೆ ಬಿಗಿಯಾಗಿ ಹಾಸಿಕೊಂಡು ಅಲ್ಲಾಡದೆ ಇರುತ್ತೆ. ಮಷಿನ್ನಿನ ತಲೆಯೇ ಹಳಿಯ ಮೇಲೆ ಓಡಾಡುತ್ತೆ, ನಾವು ಹಿಡಿಕೆ ಹಿಡಿದು ಪೆನ್ನಿನ ಹಾಗೆ ಎಳೀತೀವಿ. ಹೋವ್ ಯಂತ್ರದಲ್ಲಿ ಬಟ್ಟೆ ಸರಿಯುತ್ತಿತ್ತು, ಇಲ್ಲಿ ಸೂಜಿ ಸರಿಯುತ್ತೆ. ಕೈ ಜೋರಾಗಿ ಎಳೆದಾಗ ಸೂಜಿ ಇನ್ನೂ ಬಟ್ಟೆಯೊಳಗೇ ಇದ್ದರೆ ಅದು ಬಾಗುತ್ತೆ. ಬಾಗಿದ ಸೂಜಿ ಕುಣಿಕೆಯನ್ನ ಕೊಕ್ಕೆಗೆ ಸರಿಯಾದ ಜಾಗದಲ್ಲಿ ಕೊಡೋದಿಲ್ಲ, ಕೊಕ್ಕೆ ತಪ್ಪಿಸುತ್ತೆ, ಹೊಲಿಗೆ ಬೀಳೋದಿಲ್ಲ. ತಿರುವಿನಲ್ಲಿ ಕೈಯ ವೇಗ ಮಷಿನ್ನಿನ ವೇಗಕ್ಕಿಂತ ಜಾಸ್ತಿಯಾದರೆ ಮೇಲಿನ ದಾರ ಬಿಗಿಯೋಕೆ ಸಮಯವೇ ಸಿಗದೆ ಅಡಿಯಲ್ಲಿ ಕುಣಿಕೆ ಉಳಿಯುತ್ತೆ. ಎರಡು ದಾರದ ಕೊಂಡಿ ಪದರಗಳ ನಡುವೆ ನಿಲ್ಲಬೇಕು. ಮೇಲಿನದ್ದು ಸಡಿಲವಾದರೆ ಕೊಂಡಿ ಅಡಿಗೆ ಇಳಿಯುತ್ತೆ, ಅಡಿಯದ್ದು ಸಡಿಲವಾದರೆ ಮೇಲೆ ಬರುತ್ತೆ. ಅತ್ತೆಗೆ ಹೇಳಿದ್ದು ಇಷ್ಟು: ಮೊದಲು ಬಾಬಿನ್ ಕೇಸ್ ಹೊರಗೆ ತೆಗೆದು ದಾರದಲ್ಲಿ ನೇತುಹಾಕಿ ನೋಡಿ, ಸರ್ರಂತ ಕೆಳಗೆ ಬಿದ್ದರೆ ಅಡಿಯ ದಾರ ಸಡಿಲ, ಅಲ್ಲಾಡದೇ ನಿಂತರೆ ಬಿಗಿ, ಕೈ ಸ್ವಲ್ಪ ಕುಲುಕಿದಾಗ ಒಂದಿಷ್ಟು ಇಳಿದು ನಿಂತರೆ ಸರಿ. ಆಮೇಲೆ ಮೇಲಿನ ಟೆನ್ಷನ್ ಸ್ಕ್ರೂ ಒಂದೇ ಸಲ ಪೂರ್ತಿ ಅಲ್ಲ, ಚೂರು ಚೂರು ಬಿಗಿ ಮಾಡಿ, ಪ್ರತಿ ಸಲ ಬೇಡದ ಬಟ್ಟೆ ಮೇಲೆ ಹೊಲಿದು ನೋಡಿ. ಸೂಜಿ ಬದಲಾಯಿಸಿ, ಅದನ್ನ ಹಾಕೋ ದಿಕ್ಕು ಸರಿ ಇದೆಯಾ ನೋಡಿ. ತಿರುವಿನಲ್ಲಿ ಕೈ ನಿಧಾನ ಮಾಡಿ. ದಾರ ಕಡಿಯೋದು ಸೂಜಿಯಿಂದಲೇ ಆಗಿತ್ತು, ಕಣ್ಣಿನ ಅಂಚು ಒರಟಾಗಿತ್ತು. ಕುಣಿಕೆ ಪೂರ್ತಿ ಹೋಗೋಕೆ ಮಾತ್ರ ಅವರಿಗೆ ಇನ್ನೂ ಒಂದು ದಿನದ ಬಾಡಿಗೆ ಕೊಡಬೇಕಾಯ್ತು.

ಇದೇ ಟೆನ್ಷನ್ ಸ್ಕ್ರೂ ಹೋವ್ ಕಥೆಯೊಳಗೂ ಬರುತ್ತೆ, ಅವನ ವೈರಿಯ ಮೂಲಕ. ಹೋವ್ ಲಂಡನ್ನಿನಿಂದ ಬರೋ ಹೊತ್ತಿಗೆ ಅಮೆರಿಕದಲ್ಲಿ ಹಲವರು ಹೊಲಿಗೆ ಯಂತ್ರ ಮಾಡೋಕೆ ಶುರು ಮಾಡಿದ್ದರು, ಕೆಲವದರಲ್ಲಿ ಅವನದ್ದೇ ಸೂಜಿ, ಅವನದ್ದೇ ಲಾಳಿ. ಅವರ ಸಾಲಿಗೆ ಮರುವರ್ಷ ಸೇರಿ ಎಲ್ಲರಿಗಿಂತ ಗಟ್ಟಿಗನಾದವನು ಐಸಾಕ್ ಸಿಂಗರ್. ಮೊದಲು ನಾಟಕದ ನಟ, ಆಮೇಲೆ ಮೆಕ್ಯಾನಿಕ್. 1850ರಲ್ಲಿ ಬೋಸ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ದಿನದಲ್ಲಿ ಯಂತ್ರ ಮಾಡಿದ, ಖರ್ಚು ನಲವತ್ತು ಡಾಲರ್. ರಾತ್ರಿ ಓಡಿಸಿ ನೋಡಿದರೆ ಹೊಲಿಗೆ ಕೂಡ್ತಾನೇ ಇಲ್ಲ. ಕೆಲಸಗಾರರು ಬೇಸತ್ತು ಹೋದರು. ಸಿಂಗರ್ ತನ್ನ ಪಾಲುದಾರನ ಜೊತೆ ಹೋಟೆಲಿಗೆ ನಡೆಯುತ್ತಾ ದಾರಿಯಲ್ಲಿ ಹಲಗೆಗಳ ರಾಶಿಯ ಮೇಲೆ ಕೂತ. ಬಟ್ಟೆಯ ಮೇಲ್ಭಾಗದಲ್ಲಿ ದಾರ ಸಡಿಲ ಸಡಿಲವಾಗಿ ಬಿದ್ದಿತ್ತು ಅಂತ ಪಾಲುದಾರ ನೆನಪಿಸಿದಾಗ, ಸೂಜಿ ದಾರದ ಟೆನ್ಷನ್ ಸರಿ ಮಾಡೋದೇ ಮರೆತಿದ್ದು ಸಿಂಗರ್‌ಗೆ ಹೊಳೆಯಿತು. ವಾಪಸ್ ಹೋಗಿ ಸ್ಕ್ರೂ ತಿರುಗಿಸಿದ, ಐದು ಹೊಲಿಗೆ ಸರಿಯಾಗಿ ಬಂದು ದಾರ ಕಡಿಯಿತು. ಐದು ಸಾಕಾಗಿತ್ತು. ಇದು ಸಿಂಗರ್ ತಾನೇ ಹೇಳಿಕೊಂಡ ಕಥೆ, ನಟ ಬೇರೆ, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದರೂ ವರ್ಕ್‌ಶಾಪ್ ಲ್ಯಾಬಿನಲ್ಲಿ ಒಂದು ನಟ್ ಬಿಗಿ ಮಾಡದೆ ಇಡೀ ಸಂಜೆ ಕಳೆದವರು ಯಾರೂ ಇದನ್ನ ನಂಬದೆ ಇರಲಾರರು.

ಸಿಂಗರ್ ಯಂತ್ರದಲ್ಲಿ ಸೂಜಿ ನೇರ, ಮೇಲೆ ಕೆಳಗೆ ಓಡುತ್ತೆ. ಬಟ್ಟೆ ಮೇಜಿನ ಮೇಲೆ ಮಲಗುತ್ತೆ, ಎತ್ತ ಬೇಕಾದರೂ ತಿರುಗಿಸಬಹುದು. ಸೂಜಿಯನ್ನ ಹೊತ್ತ ತೋಳು ಮೇಜಿನ ಮೇಲೆ ಚಾಚಿಕೊಂಡಿದೆ. ಲಾಂಗ್‌ಆರ್ಮ್ ಅನ್ನೋ ಹೆಸರಲ್ಲಿರುವ ತೋಳು ಅದೇ, ಉದ್ದ ಮಾಡಿದ್ದಾರೆ. ಹಾಗಾದರೆ ಯಂತ್ರ ಯಾರದ್ದು?

ಹೋವ್ ಕೋರ್ಟಿಗೆ ಹೋದ. ಗಿರವಿ ಇಟ್ಟ ಕಾಗದ, ಯಂತ್ರ ಲಂಡನ್ನಿನಿಂದ ಬಿಡಿಸಿ ತರಿಸಿದ, ಕೇಸಿನ ಖರ್ಚಿಗೆ ಅಪ್ಪನ ಹೊಲ ಅಡವು ಬಿತ್ತು. ಸಿಂಗರ್ ಕಡೆಯವರು ಹುಡುಕಿ ಹುಡುಕಿ ನ್ಯೂಯಾರ್ಕಿನಿಂದ ವಾಲ್ಟರ್ ಹಂಟ್ ಎಂಬವನನ್ನ ತಂದು ನಿಲ್ಲಿಸಿದರು. ಸೇಫ್ಟಿ ಪಿನ್ ಮಾಡಿ ಅದರ ಹಕ್ಕನ್ನ 400 ಡಾಲರಿಗೆ ಮಾರಿದ ಪುಣ್ಯಾತ್ಮ. ಅವನು 1830ರ ದಶಕದಲ್ಲೇ ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಲಾಳಿಯ ಯಂತ್ರ ಮಾಡಿದ್ದ, ಪೇಟೆಂಟ್ ಮಾತ್ರ ಮಾಡಿಸಿರಲಿಲ್ಲ. ಹೊಲಿದು ಬದುಕೋ ಹೆಂಗಸರ ಕೆಲಸ ಹೋಗುತ್ತೆ ಅಂತ ಮಗಳು ಬೇಡ ಅಂದಳು ಅನ್ನುತ್ತಾರೆ. ಹಂಟ್ ಮೊದಲು ಮಾಡಿದ್ದು ನಿಜ, ಆದರೆ ಮಾಡಿ ಮೂಲೆಗೆ ಹಾಕಿದ್ದರಿಂದ ಅವನ ಹಕ್ಕು ನಿಲ್ಲಲಿಲ್ಲ. 1854ರಲ್ಲಿ ಹೋವ್ ಗೆದ್ದ. ಸಿಂಗರ್ 15,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡ.

ನನ್ನ ರೂಮ್‌ಮೇಟ್ ಪ್ರಕಾರ ಇದು ಅನ್ಯಾಯ, ಹಂಟ್‌ಗೇ ಸಿಗಬೇಕಿತ್ತು. ನಾನು ಒಪ್ಪಲ್ಲ. ಮೂರು ವರ್ಷ ಯಂತ್ರ ಹೊತ್ತುಕೊಂಡು ಬಾಗಿಲು ಬಾಗಿಲು ಅಲೆದವನು ಹೋವ್. ಆದರೆ ಎಲ್ಲ ಹೋವ್‌ದೇ ಅಂದರೂ ಒಪ್ಪಲ್ಲ. ಅವನ ಬಾಗಿದ ಸೂಜಿ, ನೇತಾಡೋ ಬಟ್ಟೆ ಎರಡೂ ಉಳಿಯಲಿಲ್ಲ. ಉಳಿದದ್ದು ಹೊಲಿಗೆ.

ಆಗಿನವರಿಗೂ ಇದು ಅರ್ಥ ಆಗಿತ್ತು ಅನ್ಸುತ್ತೆ. ಒಬ್ಬರ ಪೇಟೆಂಟ್ ಇಲ್ಲದೆ ಇನ್ನೊಬ್ಬರು ಒಂದು ಒಳ್ಳೇ ಯಂತ್ರ ಮಾಡೋ ಹಾಗಿರಲಿಲ್ಲ. 1856ರಲ್ಲಿ ಸಿಂಗರ್, ವೀಲರ್ ಅಂಡ್ ವಿಲ್ಸನ್, ಗ್ರೋವರ್ ಅಂಡ್ ಬೇಕರ್ ಕಂಪನಿಗಳು ಮತ್ತು ಹೋವ್ ಸೇರಿ ಪೇಟೆಂಟ್‌ಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದರು. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಯಂತ್ರಕ್ಕೆ ಹೋವ್‌ಗೆ ಐದು ಡಾಲರ್. ಸಾಲಗಾರ ಹೋವ್ ಕೆಲವೇ ವರ್ಷಗಳಲ್ಲಿ ದೇಶದ ಶ್ರೀಮಂತರಲ್ಲಿ ಒಬ್ಬನಾದ. ಪೇಟೆಂಟಿನಿಂದ ಒಟ್ಟು ಸುಮಾರು ಇಪ್ಪತ್ತು ಲಕ್ಷ ಡಾಲರ್ ಬಂತು ಅಂತ ಲೆಕ್ಕ. ಆರಿ ಡೇವಿಸ್ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು ನಿಜವಾಯಿತು, ಎಲಿಜಬೆತ್ ತೀರಿಹೋಗಿ ಏಳು ವರ್ಷದ ಮೇಲೆ.

ಅಂತರ್ಯುದ್ಧ ಬಂದಾಗ ಹೋವ್ ಕನೆಕ್ಟಿಕಟ್‌ನ 17ನೇ ಕಾಲ್ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಅಧಿಕಾರಿ ಆಗೋಕೆ ದುಡ್ಡಿಗೇನೂ ಕಮ್ಮಿ ಇರಲಿಲ್ಲ, ಆಗಲಿಲ್ಲ. ಕುಂಟುಕಾಲಿನಿಂದ ಕವಾಯತು ಆಗದೆ, ದಳದ ಅಂಚೆ ಹಂಚುವ ಕೆಲಸ ವಹಿಸಿಕೊಂಡು ಪತ್ರಗಳ ಚೀಲ ಹೊತ್ತು ಓಡಾಡಿದ. ಸರ್ಕಾರದಿಂದ ಸಂಬಳ ಬಾರದೆ ಸಿಪಾಯಿಗಳು ಪರದಾಡಿದಾಗ ಇಡೀ ದಳದ ಸಂಬಳವನ್ನ ತಾನೇ ಮುಂಗಡ ಕೊಟ್ಟ. ಸಂಬಳ ಬಾರದ ವಾರ ಮನೆಯಲ್ಲಿ ಹೇಗಿರುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1867ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಯಂತ್ರಕ್ಕೆ ಚಿನ್ನದ ಪದಕ ಬಂತು. ಅದೇ ವರ್ಷ ಸೆಪ್ಟೆಂಬರ್ 10ಕ್ಕೆ ಪೇಟೆಂಟಿನ ಅವಧಿ ಮುಗಿದು ಆ ಹೊಲಿಗೆ ಎಲ್ಲರದ್ದೂ ಆಯಿತು. ಅದಾಗಿ 23 ದಿನಕ್ಕೆ, ಅಕ್ಟೋಬರ್ 3ರಂದು, ಬ್ರೂಕ್ಲಿನ್‌ನಲ್ಲಿ ಹೋವ್ ತೀರಿಕೊಂಡ. ವಯಸ್ಸು ನಲವತ್ತೆಂಟು.

ಪೇಟೆಂಟ್ ಅರ್ಜಿಯ ಜೊತೆ ಕೊಟ್ಟ ಅವನ ಮಾದರಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರ ಫೋಟೋ ಅತ್ತೆಗೆ ಕಳಿಸಿದೆ, ಬಾಗಿದ ಸೂಜಿ ಎಲ್ಲಿದೆ ಅಂತ ಗುರುತು ಹಾಕಿ. ವಾಪಸ್ ಅವರು ಕಳಿಸಿದ್ದು ಮುಗಿದ ಕೌದಿಯ ಫೋಟೋ, ಅದೂ ತಿರುಗಿಸಿ ಹಾಸಿದ್ದು, ಅಡಿಭಾಗ ಕಾಣೋ ಹಾಗೆ. ಒಂದು ಮೂಲೆಯಲ್ಲಿ ಮೊದಲ ದಿನದ ಕುಣಿಕೆಗಳು ಹಾಗೇ ಉಳಿದಿವೆ, ಬಿಚ್ಚಿಲ್ಲ. ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, ಮೊದಲು ಕೇಳಿದ್ದು ಹಸಿರು ಇಳಕಲ್ ಸೀರೆಯ ತುಂಡು ಎಲ್ಲಿ ಹಾಕಿದ್ದಾಳೆ ಅಂತ.